ಕುದುರೆಯೂ ಒಂದು ಅಮಾನತ್ತು

ಕಳೆದ ತಿಂಗಳು ಒಂದು ಜುಮಾದಲ್ಲಿ ಮೂಕ ಪ್ರಾಣಿಗಳ ಹಕ್ಕುಗಳ ಬಗ್ಗೆ ಬಯಾನ್ ಆಯಿತು. ಬಾಯಾರಿದ ನಾಯಿಗೆ ನೀರು ಕುಡಿಸಿದವನ ಪಾಪ ಮನ್ನಿಸಲ್ಪಟ್ಟದ್ದು, ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿ ಕೊಂದ ಹೆಂಗಸು ಶಿಕ್ಷೆಗೆ ಗುರಿಯಾದದ್ದು, ನಾವೆಲ್ಲ ಚಿಕ್ಕಂದಿನಿಂದ ಕೇಳಿದ ಈ ಹದೀಸ್‌ಗಳೆಲ್ಲ ಬಂದವು. ನಮಾಜ್ ಮುಗಿಸಿ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಒಬ್ಬ ಹುಡುಗ ಹತ್ತಿರ ಬಂದು ಕೇಳಿದ: "ಬಯಾನ್ ಭಾಳ ಛಲೋ ಇತ್ರಿ ಚಾಚಾ. ಆದ್ರ ಒಂದ್ ಮಾತ್. ನಾಯಿ, ಬೆಕ್ಕಿಗೆ ದಯಾ ತೋರಸೂದು ಸಲೀಸು. ನಮ್ಮ ಮನ್ಯಾಗ ಕುದುರಿ ಐತಿ. ನಾಕ್ ಏಟ ಹಾಕಲಿಲ್ಲಂದ್ರ ಅದು ಮಾತ ಹೆಂಗ ಕೇಳತೈತ್ರಿ?"

ಆ ಹುಡುಗನ ಮನೆಯವರು ಮದುವೆ ಮೆರವಣಿಗೆಗಳಿಗೆ ಕುದುರೆ ಬಾಡಿಗೆಗೆ ಕೊಡುತ್ತಾರೆ. ಸೀಜನ್ನಿನಲ್ಲಿ ವಿಜಯಪುರ ಶಹರದಲ್ಲಷ್ಟೇ ಅಲ್ಲ, ತಿಕೋಟಾ, ಬಬಲೇಶ್ವರ ಕಡೆಗೂ ಅವರ ಕುದುರೆ ಹೋಗುತ್ತದೆ. ಮನೆಯ ರೊಟ್ಟಿ ಅದರ ಬೆನ್ನ ಮೇಲೆ ನಿಂತಿದೆ. ಅವನ ಪ್ರಶ್ನೆಯಲ್ಲಿ ಉದ್ಧಟತನ ಇರಲಿಲ್ಲ. ಆದರೆ ಅದಕ್ಕೆ ಅಲ್ಲೇ ಉತ್ತರ ಹೇಳಲು ನನಗೆ ಆಗಲಿಲ್ಲ. ನಮ್ಮ ಓಣಿಯಲ್ಲಿ ನಲವತ್ತು ವರ್ಷ ಟಾಂಗಾ ಹೊಡೆದ ಒಬ್ಬ ಹಿರಿಯರಿದ್ದಾರೆ. ಅವರಲ್ಲಿ ಹೋಗಿ ಕೂತು ಕೇಳಿದೆ, ಹದೀಸ್ ಗ್ರಂಥಗಳನ್ನು ತೆರೆದು ನೋಡಿದೆ, ಕುದುರೆಯ ಸ್ವಭಾವ ತಿಳಿದವರು ಬರೆದದ್ದನ್ನೂ ಓದಿದೆ. ಮೂರೂ ಕಡೆಯಿಂದ ಬಂದ ಉತ್ತರ ಒಂದೇ. ಏಟು ತಿಂದ ಕುದುರೆಯೂ ಮಾತು ಕೇಳುತ್ತದೆ, ನಿಜ. ಆದರೆ ಅದರ ವಿಧೇಯತೆ ಎಲ್ಲಿ ನಮಗೆ ಅತಿ ಹೆಚ್ಚು ಬೇಕೋ ಅಲ್ಲೇ ಕೈಕೊಡುತ್ತದೆ.

ನಾನೇ ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಬಂಧುಗಳ ಮನೆಯ ನಿಕಾಹ್. ಮದುಮಗ ಕುದುರೆಯ ಮೇಲೆ. (ಬರಾತಿನ ದುಂದುವೆಚ್ಚದ ಬಗ್ಗೆ ಇದೇ ಪತ್ರಿಕೆಯಲ್ಲಿ ಎಷ್ಟೋ ಸಲ ಬಂದಿದೆ, ಇಲ್ಲಿ ಅದನ್ನು ಎತ್ತುವುದಿಲ್ಲ.) ಮುಂದೆ ಡಿಜೆ, ಹಿಂದೆ ಹುಡುಗರ ಗುಂಪು. ಯಾರೋ ಒಬ್ಬ ಕುದುರೆಯ ಹಿಂಗಾಲಿನಿಂದ ನಾಲ್ಕು ಮಾರು ದೂರದಲ್ಲಿ ಪಟಾಕಿ ಸರ ಹಚ್ಚಿದ. ಕುದುರೆ ಎರಡು ಕಾಲ ಮೇಲೆ ಎದ್ದು ನಿಂತಿತು, ಮದುಮಗ ಜಾರಿ ಬಿದ್ದು ಮಣಿಕಟ್ಟಿನ ಎಲುಬು ಮುರಿದುಕೊಂಡ. ಕುದುರೆಯವನು ಅವಮಾನದಿಂದ ಕೆಂಪಾಗಿ, ಅದನ್ನು ಬದಿಗೆ ಎಳೆದೊಯ್ದು ಮೋರೆಗೆ ಚಾಬೂಕಿನಿಂದ ಹೊಡೆದ. "ಕುದುರಿ ಸರಿ ಇಲ್ಲ" ಅಂದರು ಎಲ್ಲರೂ. ಪಟಾಕಿ ಹಚ್ಚಿದವನಿಗೆ ಯಾರೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಈ ಸಂಗತಿ ಹೇಳಿದಾಗ ಟಾಂಗಾ ಚಾಚಾ ಕೇಳಿದ್ದು ಇಷ್ಟೇ: "ಹೆದರಿದ ಮಗನ್ನ ಹೊಡದ್ರ ಅವನಿಗೆ ಧೈರ್ಯ ಬರತೈತೇನು ಬೇಟಾ?"

ಕುದುರೆ ಯಾಕೆ ಬೆದರುತ್ತದೆ

ಹುಲಿ, ತೋಳಗಳು ಹಿಡಿದು ತಿನ್ನುವ ಪ್ರಾಣಿಗಳ ಸಾಲಿನಲ್ಲಿ ಅಲ್ಲಾಹನು ಕುದುರೆಯನ್ನು ಸೃಷ್ಟಿಸಿದ್ದಾನೆ. ಅದಕ್ಕೆ ಕೋಡಿಲ್ಲ, ಉಗುರಿಲ್ಲ. ಅದರ ರಕ್ಷಣೆ ಇರುವುದು ಓಟದಲ್ಲಿ. ಆದ್ದರಿಂದ ಮೊದಲು ಓಡಿ, ಆಮೇಲೆ ತಿರುಗಿ ನೋಡುವುದು ಅದರ ಹುಟ್ಟುಗುಣ. ತಲೆಯ ಎರಡೂ ಬದಿಗೆ ಕಣ್ಣುಗಳಿರುವುದರಿಂದ ಸುತ್ತಲಿನ ಸುಮಾರು 350 ಡಿಗ್ರಿಯಷ್ಟನ್ನು ಅದು ನಿಂತಲ್ಲೇ ನೋಡಬಲ್ಲದು. ಕಾಣದಿರುವುದು ಎರಡೇ ಕಡೆ: ಹಣೆಯ ನೇರ ಮುಂದೆ, ಮೂಗಿನ ಬುಡದ ಸ್ವಲ್ಪ ಜಾಗ, ಮತ್ತೆ ಬಾಲದ ನೇರ ಹಿಂದೆ. ನಮ್ಮ ಮಕ್ಕಳು ಕುದುರೆಯನ್ನು ಮುಟ್ಟಲು ಹೋಗುವುದು ಸರಿಯಾಗಿ ಈ ಎರಡೇ ಕಡೆಯಿಂದ! ಹಣೆಗೆ ನೇರ ಕೈ ಚಾಚುತ್ತಾರೆ, ಇಲ್ಲವೇ ಹಿಂದಿನಿಂದ ಬಂದು ತೊಡೆ ತಟ್ಟುತ್ತಾರೆ. ಅದು ಒದ್ದರೆ 'ಕೆಟ್ಟ ಕುದುರೆ'.

ಹತ್ತಿರ ಹೋಗುವ ಸರಿಯಾದ ದಾರಿ ಎಡ ಹೆಗಲ ಕಡೆಯಿಂದ, ಮೆಲ್ಲಗೆ ಮಾತಾಡಿಸುತ್ತ. ಕೈಯನ್ನು ಮೊದಲು ಹೆಗಲಿಗೆ ಇಡಬೇಕು, ಮುಖಕ್ಕಲ್ಲ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ಉಬ್ಬು ಇರುತ್ತದೆಯಲ್ಲ, ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದು ಪ್ರೀತಿ ತೋರಿಸುವುದು ಅಲ್ಲಿಯೇ. ಆ ಜಾಗವನ್ನು ಮನುಷ್ಯ ಕೆರೆದರೂ ಕುದುರೆಯ ಎದೆಬಡಿತ ಇಳಿಯುತ್ತದೆ ಎಂದು ಪರೀಕ್ಷಿಸಿ ನೋಡಿದ್ದಾರೆ. ನಮ್ಮವರು ಕುದುರೆಯ ಬೆನ್ನಿಗೆ ರಪರಪ ಬಡಿದು 'ಶಾಬಾಸ್' ಅನ್ನುವ ರೂಢಿಗಿಂತ ಇದು ಎಷ್ಟೋ ಮೇಲು.

ಕುದುರೆ ನಮ್ಮ ಮುಖವನ್ನೂ ಓದುತ್ತದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 28 ಕುದುರೆಗಳಿಗೆ ಮನುಷ್ಯರ ನಗುಮುಖದ ಹಾಗೂ ಸಿಟ್ಟಿನ ಮುಖದ ಚಿತ್ರಗಳನ್ನು ತೋರಿಸಿದರು. ಸಿಟ್ಟಿನ ಮುಖ ಕಂಡಾಗ ಅವುಗಳ ಎದೆಬಡಿತ ಬೇಗ ಏರಿತು. ಬರೀ ಚಿತ್ರ ನೋಡಿಯೇ ಹೀಗಾದರೆ, ಚಾಬೂಕು ಹಿಡಿದ ಧಣಿಯ ನಿಜವಾದ ಮೋರೆ ಅದಕ್ಕೆ ಹೇಗೆ ಕಂಡೀತು?

ಹದೀಸ್ ತೋರಿಸುವ ದಾರಿ

ಕುದುರೆಯ ವಿಷಯ ಬಂದರೆ ನಮ್ಮಲ್ಲಿ ಅದರ ಶೌರ್ಯವನ್ನಷ್ಟೇ ನೆನೆಯುತ್ತೇವೆ. ಸೂರಃ ಅಲ್-ಆದಿಯಾತ್‌ನಲ್ಲಿ ಏದುಸಿರು ಬಿಡುತ್ತ ಓಡುವ ಕುದುರೆಗಳ ಮೇಲೆ ಅಲ್ಲಾಹನು ಆಣೆಯಿಟ್ಟಿದ್ದಾನೆ. ಆ ಸೂರಃ ಮುಂದೆ ತಿರುಗುವುದು ಮನುಷ್ಯನ ಕಡೆಗೆ, ತನ್ನ ಪ್ರಭುವಿಗೆ ಅವನು ಕೃತಘ್ನನಾಗಿರುವುದರ ಕಡೆಗೆ. ಮೇವು ಹಾಕಿದವನಿಗಾಗಿ ಪ್ರಾಣ ಒತ್ತೆಯಿಡುವ ಕುದುರೆಯನ್ನು ಮನುಷ್ಯನ ಎದುರಿಗೆ ನಿಲ್ಲಿಸಲಾಗಿದೆ ಎಂದು ವಿವರಿಸಿದ ವಿದ್ವಾಂಸರಿದ್ದಾರೆ. ಕುದುರೆಗಳ ಹಣೆಗೂದಲಿಗೆ ಕಿಯಾಮತ್ತಿನವರೆಗೂ ಒಳಿತು ಕಟ್ಟಲ್ಪಟ್ಟಿದೆ ಎಂಬ ಅರ್ಥದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಆದರೆ ಆ ಒಳಿತನ್ನು ಪಡೆಯುವ ಬಗೆ ಯಾವುದು ಎಂಬುದು ಪ್ರವಾದಿಯವರ(ಸ) ಬದುಕಿನ ಸಣ್ಣ ಸಣ್ಣ ಘಟನೆಗಳಲ್ಲಿದೆ.

ಒಂದು ರಾತ್ರಿ ಮದೀನಾದಲ್ಲಿ ದೊಡ್ಡ ಸದ್ದಾಗಿ ಜನ ಗಾಬರಿಯಾದರು. ಹೊರಗೆ ಹೋಗಿ ನೋಡಲು ಜನ ಹೊರಡುವಷ್ಟರಲ್ಲಿ ಪ್ರವಾದಿಯವರು(ಸ) ಆಗಲೇ ಹೋಗಿ ನೋಡಿ ಮರಳಿ ಬರುತ್ತಿದ್ದರು. ಅವರು ಏರಿದ್ದು ಅಬೂ ತಲ್ಹಾ(ರ) ಅವರ ಕುದುರೆ, ಅದೂ ಜೀನು ಇಲ್ಲದ ಬರಿಬೆನ್ನಿನ ಮೇಲೆ. ಆ ಕುದುರೆ ನಿಧಾನದ್ದು ಎಂದು ಹೆಸರಾಗಿತ್ತು. ಪ್ರವಾದಿಯವರು(ಸ) ಬಂದು ಜನರಿಗೆ ಭಯವಿಲ್ಲ ಎಂದು ಹೇಳಿ, ಈ ಕುದುರೆಯನ್ನು ತಾವು ಸಮುದ್ರದಂತೆ ಕಂಡುದಾಗಿ ಹೊಗಳಿದರು. ಆಮೇಲೆ ಅದನ್ನು ಯಾವ ಕುದುರೆಯೂ ಹಿಂದಿಕ್ಕಲಿಲ್ಲ ಎಂದು ಅನಸ್(ರ) ಹೇಳುತ್ತಾರೆ (ಬುಖಾರಿ). ಇದನ್ನು ನಾವು ಪ್ರವಾದಿಯವರ ಬರಕತ್ ಎಂದು ನಂಬುತ್ತೇವೆ. ಜೊತೆಗೇ ಇನ್ನೊಂದನ್ನೂ ಗಮನಿಸಬೇಕು. ಊರೆಲ್ಲ 'ಮಂದ' ಎಂದು ಹಣೆಪಟ್ಟಿ ಕಟ್ಟಿದ ಪ್ರಾಣಿಯನ್ನು ಅವರು ಎಲ್ಲರೆದುರು ಮೆಚ್ಚಿ ಮಾತಾಡಿದರು.

ಇನ್ನೊಂದು ಘಟನೆ ತರಬೇತಿಗೆ ನೇರವಾಗಿ ಸಂಬಂಧಿಸಿದ್ದು. ಪ್ರವಾದಿಯವರು(ಸ) ಕುದುರೆ ಓಟ ನಡೆಸುತ್ತಿದ್ದರು. ತಾಲೀಮು ಮಾಡಿ ಸಿದ್ಧಗೊಳಿಸಿದ ಕುದುರೆಗಳಿಗೆ ಅಲ್-ಹಫ್ಯಾದಿಂದ ಸನಿಯತುಲ್ ವದಾದವರೆಗೆ, ಅಂದರೆ ಐದಾರು ಮೈಲಿ. ತಾಲೀಮು ಆಗದವುಗಳಿಗೆ ಸನಿಯಾದಿಂದ ಬನೂ ಝುರೈಕ್ ಮಸೀದಿಯವರೆಗೆ, ಒಂದೇ ಮೈಲಿಯಷ್ಟು. ಆ ಓಟದಲ್ಲಿ ತಾನೂ ಇದ್ದೆನೆಂದು ಇಬ್ನ್ ಉಮರ್(ರ) ಹೇಳಿದ್ದು ಬುಖಾರಿಯಲ್ಲಿದೆ. ಯಾವ ಪ್ರಾಣಿ ಎಷ್ಟಕ್ಕೆ ಸಿದ್ಧವಾಗಿದೆಯೋ ಅಷ್ಟನ್ನೇ ಅದರಿಂದ ಕೇಳಿದರು. ನಮ್ಮ ಕಡೆ ಶರ್ಯತ್ತಿನ ಗಾಡಿಗೆ ಎರಡು ವಾರದ ಹಿಂದೆ ಕೊಂಡು ತಂದ ಕುದುರೆಯನ್ನೂ ಹೂಡಿ ಬಾರುಕೋಲು ಬೀಸುವವರನ್ನು ನೋಡಿದವರಿಗೆ ಈ ಹದೀಸಿನ ಬೆಲೆ ತಿಳಿಯುತ್ತದೆ.

ಹಝ್ರತ್ ಆಯಿಶಾ(ರ) ಒಮ್ಮೆ ಹಟಮಾರಿ ಒಂಟೆಯನ್ನೇರಿ ಅದನ್ನು ಅತ್ತಿತ್ತ ಜಗ್ಗುತ್ತಿದ್ದಾಗ, ಮೃದುವಾಗಿ ನಡೆದುಕೋ ಎಂದು ಪ್ರವಾದಿಯವರು(ಸ) ತಿಳಿಹೇಳಿದರು (ಮುಸ್ಲಿಮ್). ಮೃದುತ್ವದ ಬಗ್ಗೆ ನಾವು ಗೋಡೆಗೆ ಬರೆದು ಹಾಕುವ ಪ್ರಸಿದ್ಧ ವಚನ ಹೊರಟದ್ದು ಒಂದು ಸವಾರಿ ಪ್ರಾಣಿಯ ಸಂದರ್ಭದಲ್ಲಿ ಎಂಬುದನ್ನು ಹೆಚ್ಚಿನವರು ಮರೆತಿದ್ದೇವೆ. ಪ್ರಾಣಿಯ ಮೋರೆಗೆ ಹೊಡೆಯುವುದನ್ನೂ, ಮೋರೆಗೆ ಬರೆ ಹಾಕುವುದನ್ನೂ ಅವರು ತಡೆದದ್ದು ಮುಸ್ಲಿಮ್ ಸಂಗ್ರಹದಲ್ಲೇ ಇದೆ. ಆ ಬರಾತಿನಲ್ಲಿ ನಾವು ನಿಂತು ನೋಡಿದ್ದು ಅದನ್ನೇ. ಒಬ್ಬ ಅನ್ಸಾರಿಯ ತೋಟದಲ್ಲಿ ಕಣ್ಣೀರು ಸುರಿಸಿದ ಒಂಟೆಯ ತಲೆ ನೇವರಿಸಿ, ಅದರ ಧಣಿಯನ್ನು ಕರೆಸಿ, ಅದನ್ನು ಹಸಿವಿನಲ್ಲಿಟ್ಟು ದಣಿಸುತ್ತಿರುವುದಕ್ಕೆ ಅಲ್ಲಾಹನನ್ನು ಭಯಪಡಬೇಕೆಂದು ಎಚ್ಚರಿಸಿದ್ದು ಅಬೂ ದಾವೂದ್‌ನಲ್ಲಿದೆ. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ, ಪ್ರವಾದಿಯವರು(ಸ) ತಮ್ಮ ಮೇಲುವಸ್ತ್ರದಿಂದ ತಮ್ಮ ಕುದುರೆಯ ಮುಖ ಒರೆಸುತ್ತಿದ್ದುದನ್ನು ಕಂಡವರು ಕೇಳಿದಾಗ, ಕುದುರೆಗಳ ವಿಷಯದಲ್ಲಿ ರಾತ್ರಿ ತಮಗೆ ಎಚ್ಚರಿಕೆ ಬಂದಿತೆಂದು ತಿಳಿಸಿದ ವರದಿ ಇದೆ.

ಲಗಾಮಿನ ಭಾಷೆ

ಆದರೆ ಆ ಹುಡುಗ ಕೇಳಿದ್ದು 'ಹೇಗೆ' ಎಂದು. ದಯೆ ಇರಬೇಕು ಎಂದಷ್ಟೇ ಹೇಳಿದರೆ ಅವನಿಗೆ ಉತ್ತರವಾಗುವುದಿಲ್ಲ.

ಕುದುರೆಗೆ ಕಲಿಸುವುದರ ಗುಟ್ಟು ಏಟಿನಲ್ಲಿಲ್ಲ, ಬಿಡುವುದರಲ್ಲಿದೆ. ಸವಾರ ಕಾಲಿನಿಂದ ಹೊಟ್ಟೆಯ ಬದಿಗೆ ಮೆಲ್ಲಗೆ ಒತ್ತುತ್ತಾನೆ. ಕುದುರೆಗೆ ಅದು ಸ್ವಲ್ಪ ಕಿರಿಕಿರಿ. ಏನಾದರೂ ಮಾಡಿ ಅದನ್ನು ತಪ್ಪಿಸಿಕೊಳ್ಳಲು ನೋಡುತ್ತದೆ. ಒಂದು ಹೆಜ್ಜೆ ಮುಂದಿಟ್ಟಿತು ಎನ್ನಿ, ಆ ಕ್ಷಣವೇ ಕಾಲು ಸಡಿಲಾಗಬೇಕು. ಆಗ ಕುದುರೆಗೆ ತಿಳಿಯುತ್ತದೆ: ಓಹೋ, ಮುಂದೆ ಹೋದರೆ ಒತ್ತು ನಿಲ್ಲುತ್ತದೆ. ಲಗಾಮೂ ಹೀಗೆಯೇ. ಎಳೆದಾಗ ನಿಂತರೆ ಕೂಡಲೇ ಸಡಿಲ ಬಿಡಬೇಕು. ಈ ಬಿಡುವಿಕೆಯೇ ಅದಕ್ಕೆ 'ಸರಿ' ಎಂಬ ನಮ್ಮ ಮಾತು. ಎರಡು ಮೂರು ಸೆಕೆಂಡು ತಡವಾದರೂ ಆ ಮಾತು ಅದಕ್ಕೆ ಮುಟ್ಟುವುದಿಲ್ಲ. ನಿಂತ ಮೇಲೂ ಲಗಾಮು ಜಗ್ಗುತ್ತಲೇ ಇದ್ದರೆ, 'ನಿಂತರೂ ನೋವು, ನಿಲ್ಲದಿದ್ದರೂ ನೋವು' ಎಂದು ಅದು ಕಲಿಯುತ್ತದೆ. ಕಡಿವಾಣ ಕೂತ ಜಾಗ ದಿನದಿನಕ್ಕೆ ದಡ್ಡುಗಟ್ಟುತ್ತದೆ. ಆಮೇಲೆ "ಇದರ ಬಾಯಿ ಕಲ್ಲು" ಎಂದು ಇನ್ನೂ ಚೂಪಾದ ಕಡಿವಾಣ ತರುತ್ತಾರೆ. ಕಲ್ಲು ಮಾಡಿದ ಕೈ ಯಾವುದು ಎಂದು ಯಾರೂ ಕೇಳುವುದಿಲ್ಲ.

ಶಿಕ್ಷೆಯ ಕಥೆಯೂ ಅಷ್ಟೇ. ಕುದುರೆ ಬೆದರಿ ಓಡಿತು, ಹಿಡಿದು ತಂದು ಐದು ನಿಮಿಷದ ಮೇಲೆ ಹೊಡೆದರು. ಓಡಿದ್ದಕ್ಕೆ ಈ ಏಟು ಎಂದು ಕುದುರೆಗೆ ಜೋಡಿಸಿಕೊಳ್ಳಲು ಬರುವುದಿಲ್ಲ. ಏಟು ಬಿದ್ದ ಕ್ಷಣದಲ್ಲಿ ಎದುರಿಗೇನಿತ್ತೋ ಅದಕ್ಕೆ ನೋವನ್ನು ಗಂಟುಹಾಕುತ್ತದೆ: ಆ ಬೀದಿ, ಆ ಬ್ಯಾಂಡಿನ ಸದ್ದು, ಹಿಡಿದು ತಂದವನ ಕೈ. ಮುಂದಿನ ಸಲ ಬ್ಯಾಂಡ್ ಕೇಳಿದೊಡನೆ ಬೆವರುತ್ತದೆ, ಹಿಡಿಯಲು ಹೋದರೆ ಕೈಗೇ ಸಿಗುವುದಿಲ್ಲ. ಕುದುರೆಯ ನೆನಪು ಬಹಳ ಗಟ್ಟಿ. ಒಮ್ಮೆ ಕಟ್ಟಿದ ಆ ಗಂಟನ್ನು ಬಿಡಿಸಲು ತಿಂಗಳುಗಳು ಬೇಕು.

ಹಾಗಾದರೆ ಸದ್ದಿಗೆ ಹೆದರದಂತೆ ಕಲಿಸಲು ಆಗುವುದೇ ಇಲ್ಲವೇ? ಆಗುತ್ತದೆ. ಮೈಸೂರಿನಲ್ಲಿ ಪ್ರತಿ ವರ್ಷವೂ ಮಾಡುತ್ತಾರೆ. ದಸರಾ ಜಂಬೂ ಸವಾರಿಯ ದಿನ 21 ಕುಶಾಲ ತೋಪು ಹಾರಿಸುತ್ತಾರಲ್ಲ, ಆ ಸದ್ದಿಗೆ ಆನೆಗಳೂ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳೂ ಬೆದರಬಾರದೆಂದು ಹಬ್ಬಕ್ಕೆ ಮೊದಲೇ ಹಲವು ಸಲ ಫಿರಂಗಿ ಹಾರಿಸಿ ತಾಲೀಮು ನಡೆಯುತ್ತದೆ. ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸಿ, ಬದಿಯಲ್ಲಿ ಅವುಗಳನ್ನು ಸಾಕಿದವರೇ ನಿಂತು ಸಮಾಧಾನ ಮಾಡುತ್ತಾರೆ. ಮೊದಲ ದಿನ ಕೆಲವು ಕುದುರೆಗಳು ಕೆನೆದು ಹಾರುತ್ತವೆ, ದಿನ ಕಳೆದಂತೆ ಕಿವಿ ಮಾತ್ರ ತಿರುಗಿಸುತ್ತವೆ. ಅಷ್ಟು ದೊಡ್ಡ ಸರ್ಕಾರಿ ದಳದ ಕುದುರೆಗಳಿಗೇ ಇಷ್ಟು ತಯಾರಿ ಬೇಕು. ನಮ್ಮ ಮದುವೆಯ ಕುದುರೆಯನ್ನು ಮಾತ್ರ ಯಾವ ತಾಲೀಮೂ ಇಲ್ಲದೆ ಡಿಜೆಯ ಬಾಯಿಗೆ ನಿಲ್ಲಿಸುತ್ತೇವೆ.

ಮನೆಯಲ್ಲಿ ಮಾಡುವುದಾದರೆ ಕ್ರಮ ಸರಳ, ತಾಳ್ಮೆ ಮಾತ್ರ ಬೇಕು. ಮೊದಲ ದಿನ ಒಬ್ಬರು ದೂರದಲ್ಲಿ, ಕುದುರೆ ಕಿವಿ ನಿಮಿರಿಸಿದರೂ ಮೇಯುವುದನ್ನು ಬಿಡದಷ್ಟು ದೂರದಲ್ಲಿ, ಮೆಲ್ಲಗೆ ಡೋಲು ಬಾರಿಸಬೇಕು. ಕುದುರೆ ಮೇವಿಗೆ ಬಾಯಿ ಹಾಕುತ್ತಿದ್ದರೆ ಸರಿ. ತಲೆ ಎತ್ತಿ ಮೈ ಬಿಗಿದರೆ ಬಾರಿಸುವವನೇ ಹಿಂದೆ ಸರಿಯಬೇಕು, ಕುದುರೆಯನ್ನು ಹಿಡಿದು ಒತ್ತಾಯ ಮಾಡಬಾರದು. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ನಾಳೆ ನಾಲ್ಕು ಹೆಜ್ಜೆ ಹತ್ತಿರ. ಒಂದು ದಿನ ಕೆಟ್ಟರೆ ಮರುದಿನ ಮತ್ತೆ ಹಿಂದಿನ ದೂರದಿಂದ ಶುರು. ಮುಗಿಸುವಾಗ ಪ್ರತಿಸಲವೂ ಅದು ಶಾಂತವಾಗಿರುವಾಗಲೇ ಮುಗಿಸಬೇಕು. ಟಾಂಗಾ ಚಾಚಾ ತಮ್ಮ ಕುದುರೆಗೆ ಸ್ಟೇಷನ್ನಿನ ರೈಲಿನ ಸೀಟಿ ರೂಢಿ ಮಾಡಿಸಿದ್ದೂ ಹೀಗೆಯೇ ಅಂತೆ. ಒಂದು ತಿಂಗಳು ದಿನಾ ಗಾಡಿ ಬರುವ ಹೊತ್ತಿಗೆ ಅಲ್ಲಿ ಕರೆದೊಯ್ದು ಕಡಲೆ ತಿನ್ನಿಸಿದರು. "ಆಮ್ಯಾಲ ಸೀಟಿ ಕೇಳಿದ್ರ ಓಡೂದು ಬಿಟ್ಟು ನನ್ನ ಕಿಸೆ ಮೂಸತಿತ್ತು" ಎಂದು ನಕ್ಕರು.

ಹಟವೋ, ನೋವೋ?

ಮಾತು ಕೇಳದ ಕುದುರೆಗಳಲ್ಲಿ ಎಷ್ಟೋ ಕುದುರೆಗಳಿಗೆ ನಿಜವಾಗಿ ಎಲ್ಲೋ ನೋಯುತ್ತಿರುತ್ತದೆ. ಕುದುರೆಯ ಹಲ್ಲುಗಳು ಬದುಕಿಡೀ ಹೊರಬರುತ್ತಲೇ ಇರುತ್ತವೆ, ಸವೆಯುವಾಗ ಅಂಚು ಚೂಪಾಗಿ ಕೆನ್ನೆಯ ಒಳಭಾಗ ಗೀರುತ್ತದೆ. ಅಂಥ ಬಾಯಿಗೆ ಕಡಿವಾಣ ಹಾಕಿದರೆ ತಲೆ ಒದರುತ್ತದೆ, ನಾವು ಹಟ ಅನ್ನುತ್ತೇವೆ. ಜೀನು ಕೂತಲ್ಲಿ ಗಾಯವಾಗಿರಬಹುದು. ಗೊರಸು ಆರರಿಂದ ಎಂಟು ವಾರಕ್ಕೊಮ್ಮೆ ಕೆತ್ತಿಸದೆ ಬೆಳೆದು, ಕಾಲಿನ ಕೀಲು ಹಿಡಿದಿರಬಹುದು. ಹೊಡೆಯುವ ಮೊದಲು ಬಾಯಿ, ಬೆನ್ನು, ಕಾಲು ಈ ಮೂರನ್ನು ಮುಟ್ಟಿ ನೋಡಬೇಕು.

ಹೊಟ್ಟೆಯ ವಿಷಯ ಇನ್ನೂ ನಾಜೂಕು. ಅಷ್ಟು ದೊಡ್ಡ ಪ್ರಾಣಿಗೆ ಜಠರ ಬಹಳ ಚಿಕ್ಕದು. ದಿನದ ಬಹುಪಾಲು ಸ್ವಲ್ಪ ಸ್ವಲ್ಪ ಮೇಯುತ್ತಿರುವಂತೆ ಅದರ ರಚನೆ. ಬೆಳಿಗ್ಗೆಯಿಂದ ಮೆರವಣಿಗೆಗೆ ಉಪವಾಸ ನಿಲ್ಲಿಸಿ ರಾತ್ರಿ ಒಮ್ಮೆಲೇ ಕಾಳು ಸುರಿದರೆ ಹೊಟ್ಟೆಶೂಲೆ ಬರುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಆದ್ದರಿಂದ ಆ ಶೂಲೆಯಲ್ಲೇ ಸಾಯುವ ಕುದುರೆಗಳು ಎಷ್ಟೋ. ಕಣಿಕೆ, ಹುಲ್ಲು ಮುಖ್ಯ ಆಹಾರ. ಕಾಳು ಕೆಲಸಕ್ಕೆ ತಕ್ಕಷ್ಟು. ನೀರು ಸಾಮಾನ್ಯ ದಿನದಲ್ಲೇ 25ರಿಂದ 50 ಲೀಟರ್ ಬೇಕು, ನಮ್ಮ ಬೇಸಿಗೆಯಲ್ಲಿ ಅದಕ್ಕೂ ಹೆಚ್ಚು. ಸೀಳುಮೂಗಿನಿಂದ ಗಟ್ಟಿ ಸಿಂಬಳ, ಮೈಮೇಲೆ ಗಂಟುಹುಣ್ಣು ಕಂಡರೆ ಮಾತ್ರ ತಡಮಾಡದೆ ಪಶು ವೈದ್ಯರನ್ನು ಕರೆಸಬೇಕು. ಗ್ಲ್ಯಾಂಡರ್ಸ್ ಎಂಬ ರೋಗ ಕುದುರೆಯಿಂದ ಮನುಷ್ಯನಿಗೂ ಹತ್ತುತ್ತದೆ, ರಕ್ತ ಪರೀಕ್ಷೆಯಿಂದಲೇ ತಿಳಿಯಬೇಕು.

ಕಾನೂನೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ದುಡಿಯುವ ಪ್ರಾಣಿಗಳಿಗಾಗಿ 1965ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಗಾಡಿ ಎಳೆಯುವ ಪ್ರಾಣಿಯನ್ನು ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಸತತ 5 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ದಾಟುವಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತೆಯೇ ಇಲ್ಲ. ನಮ್ಮ ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳೆಂದರೆ 40 ದಾಟುವುದು ಮಾಮೂಲು. ಗಾಡಿಯಲ್ಲಿ ಓಡಿಸುವವನನ್ನೂ 6 ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ಕು ಜನಕ್ಕಿಂತ ಹೆಚ್ಚು ಕೂರಬಾರದು. ಮುಳ್ಳಿನ ಕಡಿವಾಣ ನಿಷಿದ್ಧ. ಗೋಳಗುಮ್ಮಟ ನೋಡಲು ನೆಂಟರು ಬಂದಾಗ ಒಂದೇ ಟಾಂಗಾದಲ್ಲಿ ಏಳು ಜನ ತುಂಬಿಕೊಂಡು ಹತ್ತು ರೂಪಾಯಿ ಉಳಿಸುವವರು ನಾವೇ. ಟಾಂಗಾದವರು ಬೇಡ ಅಂದರೆ ಗಿರಾಕಿ ಆಟೋಕ್ಕೆ ಹೋಗುತ್ತದೆ. ತಪ್ಪು ಒಬ್ಬರದೇ ಅಲ್ಲ.

ಈ ಊರಿನ ಕುದುರೆಗಳು

ಕುದುರೆಯ ವಿಷಯ ನಮ್ಮೂರಿಗೆ ಹೊಸದಲ್ಲ. 1490ರ ಹೊತ್ತಿಗೆ ಸ್ಥಾಪನೆಯಾಗಿ 1686ರಲ್ಲಿ ಔರಂಗಜೇಬನ ಕೈಸೇರುವವರೆಗೆ ಆದಿಲ್‌ಶಾಹಿ ರಾಜ್ಯ ನಿಂತದ್ದೇ ಕುದುರೆ ಸವಾರರ ಮೇಲೆ. ಅರಬ್ ಹಾಗೂ ಇರಾನಿನ ಕುದುರೆಗಳು ಹಡಗಿನಲ್ಲಿ ಗೋವಾಕ್ಕೆ ಬಂದಿಳಿಯುತ್ತಿದ್ದವು. 1510ರಲ್ಲಿ ಪೋರ್ಚುಗೀಸರು ಗೋವಾ ಕಿತ್ತುಕೊಂಡ ಮೇಲೆ ಆ ವ್ಯಾಪಾರದ ಬೀಗದಕೈ ಅವರ ಪಾಲಾಯಿತು. ಚಾಂದ್ ಬೀಬಿಯನ್ನು ದಖನ್ನಿನ ಚಿತ್ರಕಾರರು ಮತ್ತೆ ಮತ್ತೆ ಬಿಡಿಸಿದ್ದು ಕುದುರೆಯ ಮೇಲೆ, ಕೈಯಲ್ಲಿ ಗಿಡುಗ ಹಿಡಿದು ಬೇಟೆಗೆ ಹೊರಟಂತೆ. ದಖನ್ನಿನ ಸೈನ್ಯಗಳಲ್ಲಿ ಎರಡು ಬಗೆಯ ಸವಾರರಿದ್ದರು. ಸರ್ಕಾರ ಕೊಟ್ಟ ಕುದುರೆಯೇರುವವನು ಬಾರ್ಗೀರ. ಸ್ವಂತ ಕುದುರೆಯೊಂದಿಗೆ ಬಂದವನು ಸಿಲಾಹದಾರ. ಕುದುರೆ ಸತ್ತರೆ ಸಿಲಾಹದಾರನ ಜೀವನವೇ ಹೋಯಿತು. ಇಂದಿನ ಟಾಂಗಾದವರು, ಮದುವೆ ಕುದುರೆಯವರು ಒಂದು ಲೆಕ್ಕದಲ್ಲಿ ಅವರ ವಾರಸುದಾರರೇ.

ದುಡ್ಡು ಕೊಟ್ಟು ಕುದುರೆ ತರುವುದಕ್ಕೂ ಅದನ್ನು ಸಾಕಬಲ್ಲುದಕ್ಕೂ ಇರುವ ಅಂತರವನ್ನು ಮಾರ್ಕೊ ಪೋಲೊ 13ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ತಮಿಳುನಾಡಿನ ಕರಾವಳಿಯ ಅರಸರು ವರ್ಷ ವರ್ಷ ಸಾವಿರಾರು ಕುದುರೆ ಕೊಳ್ಳುತ್ತಿದ್ದರು, ಆರೈಕೆ ಗೊತ್ತಿಲ್ಲದೆ, ನೋಡಿಕೊಳ್ಳುವವರಿಲ್ಲದೆ ಅವು ವರ್ಷದೊಳಗೆ ಹೆಚ್ಚಿನವು ಸಾಯುತ್ತಿದ್ದವು ಎಂದು.

ದೂರದ ಕುದುರೆಯೇ ಬೇಕೆಂದಿಲ್ಲ. ನಮ್ಮ ಜಿಲ್ಲೆಯ ಬಡಗಣ ಗಡಿಯಲ್ಲಿ ಹರಿಯುವ ಭೀಮಾ ನದಿಯ ಹೆಸರಿನದೇ ಒಂದು ತಳಿ ಇದೆ, ಭೀಮಥಡಿ. ದಖನ್ನಿನ ಈ ಗಿಡ್ಡ ಕುದುರೆ ಅಳಿದೇ ಹೋಯಿತು ಎಂದುಕೊಂಡಿದ್ದವರೂ ಇದ್ದರು. ಆದರೆ ಮಹಾರಾಷ್ಟ್ರದ ಧನಗರ ಕುರಿಗಾಹಿಗಳು ಗೂಡಾರ, ಪಾತ್ರೆ, ಕುರಿಮರಿ ಹೇರಿಕೊಂಡು ಊರಿಂದೂರಿಗೆ ಹೋಗಲು ಅದನ್ನು ಬಿಡದೆ ಸಾಕಿಕೊಂಡು ಬಂದಿದ್ದರು. ಈಚೆಗೆ ಕೇಂದ್ರದ ಪಶು ತಳಿ ಸಂಸ್ಥೆ ಅದನ್ನು ದೇಶದ 8ನೆಯ ಕುದುರೆ ತಳಿಯಾಗಿ ದಾಖಲಿಸಿಕೊಂಡಿದೆ. ಕುರಿಗಾಹಿಗಳು ಬೀಡು ಬಿಟ್ಟಾಗ ಹೊರೆ ಇಳಿಸಿದ ಕುದುರೆಗಳನ್ನು ಗಮನಿಸಿ ನೋಡಿ. ಹಗ್ಗ ಹಿಡಿದು ನಡೆಸುವುದು ಹೆಚ್ಚಾಗಿ ಹೆಂಗಸರು, ಮಕ್ಕಳು. ಅವರ ಕೈಯಲ್ಲಿ ಚಾಬೂಕು ಇರುವುದಿಲ್ಲ. ಹಗಲಿರುಳು ಜೊತೆಗೇ ಬಾಳಿದ್ದರಿಂದ ಅವರ ದನಿಯೇ ಸಾಕು.

ಆ ಹುಡುಗನಿಗೆ ಇದನ್ನೆಲ್ಲ ಒಂದೇ ದಿನ ಹೇಳಲಿಲ್ಲ. ಟಾಂಗಾ ಚಾಚಾರ ಹತ್ತಿರ ಕರೆದುಕೊಂಡು ಹೋದೆ, ಉಳಿದದ್ದು ಅವರಿಬ್ಬರ ನಡುವೆ ನಡೆಯಿತು. ಚಾಚಾ ಮೊದಲು ಮಾಡಿದ್ದು ಕುದುರೆಯ ಬಾಯಿ ಬಿಡಿಸಿ ನೋಡಿದ್ದು. ಕೆನ್ನೆಯ ಒಳಗೆ ಹುಣ್ಣಾಗಿತ್ತು. ಡಾಕ್ಟರು ಬಂದು ಹಲ್ಲು ಉಜ್ಜಿ ಸಮ ಮಾಡಿದರು, ಹದಿನೈದು ದಿನ ಕಡಿವಾಣ ಹಾಕಬಾರದೆಂದರು. ಆ ಹದಿನೈದು ದಿನದಲ್ಲಿ ಹುಡುಗ ಬರೀ ಖರಾರಾ ಹಚ್ಚಿ ಮೈ ತಿಕ್ಕುವುದು, ಹಗ್ಗ ಹಿಡಿದು ಜೊತೆಗೆ ನಡೆಯುವುದು, ಸಂಜೆ ಡೋಲಿನ ತಾಲೀಮು, ಇಷ್ಟನ್ನೇ ಮಾಡಿದ. ಎರಡು ಮದುವೆಯ ಬಾಡಿಗೆ ಬಿಡಬೇಕಾಯಿತು. ಮನೆಯಲ್ಲಿ ಮಾತು ಬಂತು ಎಂದೂ ಹೇಳಿದ.

ಈ ತಿಂಗಳ ಮೊದಲ ವಾರ ಬಬಲೇಶ್ವರದಲ್ಲಿ ನಮ್ಮ ತಂಗಿಯ ಮಗನ ನಿಕಾಹ್ ಇತ್ತು, ಅದೇ ಕುದುರೆ ಹೇಳಿದೆವು. ಶಹರದಿಂದ ಬಿಸಿಲಲ್ಲಿ ನಡೆಸಿಕೊಂಡು ಬರುವುದು ಬೇಡವೆಂದು ಹಿಂದಿನ ಸಂಜೆಯೇ ಟೆಂಪೋದಲ್ಲಿ ತರಿಸಿ, ಬೇವಿನ ಮರದ ಕೆಳಗೆ ಕಟ್ಟಿಸಿದೆವು. ಮದುಮಗನನ್ನು ರಾತ್ರಿ ಅದರ ಹತ್ತಿರ ಕಳಿಸಿ, ಎಡ ಹೆಗಲ ಕಡೆಯಿಂದ ಹೋಗಿ ಮೈ ಕೆರೆಯಲು ಹೇಳಿದೆವು. ಪಟಾಕಿ ಇಲ್ಲ ಎಂದು ಹುಡುಗರಿಗೆ ಮೊದಲೇ ತಾಕೀತು ಮಾಡಿದ್ದೆವು. ಪಟಾಕಿಗೆ ಆ ಕುದುರೆ ಇನ್ನೂ ತಯಾರಿಲ್ಲ ಎಂದು ಅವನೇ ಹೇಳಿದ್ದ. ಡೋಲಿಗೆ ಅದು ಕಿವಿ ತಿರುಗಿಸಿತು, ಒಂದು ಸಲ ನಿಂತಿತು. ಅವನು ಲಗಾಮು ಜಗ್ಗಲಿಲ್ಲ, ಬದಿಯಲ್ಲಿ ನಿಂತು ಏನೋ ಮಾತಾಡಿಸಿದ. ಅದು ಮತ್ತೆ ಹೆಜ್ಜೆ ಹಾಕಿತು.

ಪ್ರಯಾಣದಲ್ಲಿ ತಂಗುವ ಜಾಗ ಬಂದಾಗ ಪ್ರಾಣಿಗಳ ಹೊರೆ ಬಿಚ್ಚಿ ಇಳಿಸದೆ ತಾವು ನಮಾಜಿಗೆ ನಿಲ್ಲುತ್ತಿರಲಿಲ್ಲ ಎಂದು ಅನಸ್(ರ) ಹೇಳಿದ ವರದಿ ಅಬೂ ದಾವೂದ್‌ನಲ್ಲಿದೆ. ಅದನ್ನು ಆ ಹುಡುಗನಿಗೆ ನಾನು ಹೇಳಿರಲಿಲ್ಲ. ಮೆರವಣಿಗೆ ಮುಗಿದು ಎಲ್ಲರೂ ದಸ್ತರಖಾನಿನ ಕಡೆ ಹೊರಟಾಗ ಅವನು ಮಾತ್ರ ಕಾಣಲಿಲ್ಲ. ಹೋಗಿ ನೋಡಿದರೆ ಜೀನು ಬಿಚ್ಚಿಟ್ಟು, ಬೆವರಿದ ಬೆನ್ನನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. "ಇದು ನೀರ್ ಕುಡೀಲ್ರಿ ಚಾಚಾ, ಬಂದೆ," ಅಂದ.